ದೊಡ್ಡಪ್ಪನ ಕಾಡಿನ ಡೈರಿಗಳಿಂದ ನೆನಪಿನ ಪುಸ್ತಕ ಮಾಡಿದ್ದು ಹೀಗೆ

ಹಿರಿಯರು ತೀರಿಕೊಂಡ ಮನೆಗಳಲ್ಲಿ ವೈಕುಂಠ ಸಮಾರಾಧನೆಗೇ ಪುಸ್ತಕ ತರುವ ಅವಸರ ಕಾಣುತ್ತದೆ. ಹದಿಮೂರು ದಿನದಲ್ಲಿ ಆಗುವುದು ಒಂದು ಫೋಟೊ, ನಾಲ್ಕು ಶ್ಲೋಕ, ‘ಸರಳ ಸಜ್ಜನ’ ಎಂಬ ಒಂದು ಸಾಲು. ದೊಡ್ಡಪ್ಪನ ಪುಸ್ತಕವನ್ನು ವರ್ಷಾಂತಿಕಕ್ಕೆ ಇಟ್ಟುಕೊಂಡೆವು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಹಾಗಾಗಿ ತಿಥಿ ಹನ್ನೊಂದು ದಿನ ಮುಂಚೆಯೇ ಬರುತ್ತದೆ. ನಡುವೆ ಅಧಿಕಮಾಸ ಬಿದ್ದರೆ ಮುಂದಕ್ಕೆ ಹೋಗುತ್ತದೆ. ಪ್ರೆಸ್ಸಿನವರಿಗೆ ತಾರೀಖು ಕೊಡುವ ಮೊದಲು ಪುರೋಹಿತರನ್ನು ಕೇಳಿಕೊಳ್ಳಿ.

ಮೊದಲು ಫೋಟೊ. 4×6 ಪ್ರಿಂಟನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ ಎರಡು ಪಟ್ಟು ದೊಡ್ಡದಾಗಿ ಅಚ್ಚು ಹಾಕಬಹುದು. ನೆಗೆಟಿವ್ ಸಿಕ್ಕಿದರೆ ಪ್ರಿಂಟ್ ಬಿಟ್ಟು ಅದನ್ನೇ ಹಿಡಿಯಬೇಕು, 2400 ಡಿಪಿಐಗೆ ಕಡಿಮೆಯಿಲ್ಲದೆ. ಅಂಚಿನ ನಂಬರ್ ನೋಡಿದರೆ ಯಾವ ಚಿತ್ರ ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗುತ್ತದೆ. ಗುಡ್ಡ ಹತ್ತುವಾಗಿನದ್ದೋ ಇಳಿಯುವಾಗಿನದ್ದೋ ಎಂಬ ಜಗಳ ಅಲ್ಲಿಗೆ ಮುಗಿಯಿತು. ಮಲೆನಾಡಿನ ಥಂಡಿಗೆ ನೆಗೆಟಿವ್ ಮೇಲೆ ಬೂಷ್ಟು ಬಂದಿರುತ್ತದೆ. ನೀರಿನಲ್ಲಿ ತೊಳೆಯಲೇಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಚಿತ್ರವೂ ಅದರ ಜತೆ ಹೋಗುತ್ತದೆ. ಬ್ಲೋವರಿನಿಂದ ಧೂಳು ಹಾರಿಸಿ ಹಾಗೇ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೊ ಕೀಳುವಾಗ ಹಲ್ಲಿನ ಸಂದು ಸ್ವಚ್ಛ ಮಾಡುವ ದಾರವನ್ನು ಹಿಂದಿನಿಂದ ತೂರಿಸಿ ಗರಗಸದ ಹಾಗೆ ಎಳೆಯಬೇಕು. ಬಿಡದಿದ್ದರೆ ಪುಟವನ್ನೇ ಸ್ಕ್ಯಾನರ್ ಮೇಲಿಡಿ. ಫೋಟೊ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ.

ನೆಂಟರ ಮಾತು ರೆಕಾರ್ಡ್ ಮಾಡಿಕೊಳ್ಳುವುದು ನಿಜವಾದ ಕೆಲಸ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಮಾತಾಡುವವರ ಎದೆಯ ಮಟ್ಟದಲ್ಲಿ ಬಟ್ಟೆಯ ಮಡಿಕೆ ಮೇಲಿಡಿ. ‘ಅವರು ಹೇಗಿದ್ದರು?’ ಎಂದು ಕೇಳಿದರೆ ಎಲ್ಲರ ಉತ್ತರ ಒಂದೇ, ‘ದೇವರಂಥವರು’. ಅದರಿಂದ ಪುಸ್ತಕಕ್ಕೆ ಏನೂ ದಕ್ಕುವುದಿಲ್ಲ. ಒಂದು ಫೋಟೊ ಕೈಗೆ ಕೊಟ್ಟು ‘ಮಳೆಗಾಲದಲ್ಲಿ ಕಾಡಿಗೆ ಹೋಗುವಾಗ ಇಂಬಳಕ್ಕೆ (ಜಿಗಣೆಗೆ) ಏನು ಮಾಡುತ್ತಿದ್ದಿರಿ?’ ಎಂದು ಕೇಳಿದ್ದಕ್ಕೆ ಅತ್ತೆ ಹೇಳಿದ್ದು: ‘ನಿನ್ನ ದೊಡ್ಡಪ್ಪ ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟು ಇಟ್ಕೊಂಡಿರ್ತಿದ್ದ. ಮಕ್ಕಳ ಕಾಲಿಗೆಲ್ಲ ಒರೆಸಿ, ಉಳಿದರೆ ತನಗೆ. ಸಾಲಿನಲ್ಲಿ ಯಾವಾಗಲೂ ಕೊನೆಗೆ ನಡೀತಿದ್ದ, ಹಿಂದೆ ಬಿದ್ದವರ ಜತೆ.’ ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಗುಣವಾಚಕ ಬೇಡ; ಜಾಗ, ಕೆಲಸ, ಎದುರಿಗಿದ್ದವರು ಈ ಮೂರೂ ಇದ್ದರೆ ಮಾತ್ರ ಪುಸ್ತಕಕ್ಕೆ. ಕೆಲವು ಹಿರಿಯರಿಗೆ ಬೇಸರವಾಯಿತು, ಆದರೂ ಬಿಡಲಿಲ್ಲ.

ಡೈರಿಗಳಲ್ಲಿ ಇದ್ದದ್ದು ಬಹುಪಾಲು ಹಕ್ಕಿಗಳ ಪಟ್ಟಿ: ‘ಹಿಡ್ಲುಮನೆ ಅಬ್ಬಿ ಮೇಲಾಗಿ ಕೊಡಚಾದ್ರಿ. ಮಂಗಟ್ಟೆ 2, ಕಾಜಾಣ, ಸ್ಮಾಲ್ ಗ್ರೀನ್ ಬಾರ್ಬೆಟ್ ಕೂಗು.’ ಅಬ್ಬಿ ಅಂದರೆ ಜಲಪಾತ, ಮಂಗಟ್ಟೆ ಅಂದರೆ ಹಾರ್ನ್‌ಬಿಲ್, ಬಾರ್ಬೆಟ್ ಅಂದರೆ ಕುಟ್ರು ಹಕ್ಕಿ. ಇಂಗ್ಲಿಷ್ ಹೆಸರುಗಳು ಆ ಕಾಲದವು. ಅವರ ಸ್ಮಾಲ್ ಗ್ರೀನ್ ಬಾರ್ಬೆಟ್ ಈಗಿನ ವೈಟ್ ಚೀಕ್ಡ್ ಬಾರ್ಬೆಟ್. ಕ್ರಿಮ್ಸನ್ ಬ್ರೆಸ್ಟೆಡ್ ಎಂದಿದ್ದರೆ ಈಗಿನ ಕಾಪರ್‌ಸ್ಮಿತ್. ಪರಯ್ಯಾ ಕೈಟ್ ಎಂದರೆ ಬ್ಲ್ಯಾಕ್ ಕೈಟ್. ಪುಸ್ತಕದಲ್ಲಿ ಅವರು ಬರೆದಂತೆಯೇ ಬಿಟ್ಟು, ಈಗಿನ ಹೆಸರನ್ನು ಅಡಿಟಿಪ್ಪಣಿಗೆ ಹಾಕಿದೆ. ತಾರೀಖು, ಜಾಗ ಎರಡೂ ಸ್ಪಷ್ಟವಿದ್ದ ಪಟ್ಟಿಗಳನ್ನು ಹಕ್ಕಿ ಕಂಡ ದಾಖಲೆ ಸೇರಿಸುವ ಜಾಲತಾಣ ಇಬರ್ಡ್‌ಗೂ ಸೇರಿಸಿದೆ, ಅವರ ಹೆಸರಿನಲ್ಲಿ ಬೇರೆ ಖಾತೆ ತೆರೆದು. ಅವರು ಕಂಡ ಹಕ್ಕಿ ನನ್ನ ಲೆಕ್ಕಕ್ಕೆ ಬರಬಾರದಲ್ಲ. ‘ಜಾತ್ರೆ ಮರುದಿನ’ ಎಂದಷ್ಟೇ ಇದ್ದವನ್ನು ಊಹಿಸಿ ತುಂಬಲಿಲ್ಲ.

ನಡೆದ ದಾರಿಗಳಿಗೆ ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ಗುಡ್ಡ, ಹಳ್ಳ ತೋರಿಸುವ ನಕ್ಷೆ) ಮೇಲೆ ಬಟರ್ ಪೇಪರ್ ಇಟ್ಟು ಗೆರೆ ಎಳೆದೆವು. ನಕ್ಷೆಯ 2 ಸೆಂ.ಮೀ. ಅಂದರೆ 1 ಕಿ.ಮೀ. ಹಳೆಯ ಕಾಲುದಾರಿ ಮುಚ್ಚಿದ್ದರೆ ಚುಕ್ಕೆ ಗೆರೆ. ಮಂಗಟ್ಟೆ ಗೂಡಿನ ಮರ, ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಇರುವ ಜಾಗಗಳನ್ನು ಡೈರಿ ಹೇಳಿದರೂ ನಕ್ಷೆಯಲ್ಲಿ ಗುರುತು ಮಾಡಲಿಲ್ಲ. ಕಿತ್ತುಕೊಂಡು ಹೋಗುವವರಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತದೆ.

ಟೈಪಿಂಗ್ ಪೂರ್ತಿ ಯುನಿಕೋಡಿನಲ್ಲೇ ಇರಲಿ. ಒಬ್ಬರು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದರೆ ಪರಿವರ್ತಕ ಹಾಕಿದ ಮೇಲೂ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ; ‘ವರ್ಷ’, ‘ಸೂರ್ಯ’ ಇಂಥ ಪದಗಳೇ ಕೈಕೊಡುವುದು. ಪಿಡಿಎಫ್ ಮಾಡುವಾಗ ಫಾಂಟ್ ಅದರೊಳಗೇ ಸೇರಿರಲಿ (ಎಂಬೆಡ್). ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆಯುತ್ತವೆ. ಪ್ರೂಫನ್ನು ಕಾಗದದ ಮೇಲೆ ತರಿಸಿಕೊಂಡೇ ಓದಿ.

ಎ5 ಅಳತೆ, 64 ಪುಟ, ಮಧ್ಯಕ್ಕೆ ಪಿನ್. ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಮಗ್ಗಿಯಲ್ಲೇ ಬರಬೇಕು. ಒಳಗೆ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದ, ಹೊರಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್. ಮ್ಯಾಪ್ಲಿಥೋ ಇಂಕು ಹೀರುವುದರಿಂದ ಕಪ್ಪು-ಬಿಳುಪು ಚಿತ್ರ ಮಂಕಾಗುತ್ತದೆ, ಮೊದಲೇ ಸ್ವಲ್ಪ ತಿಳಿ ಮಾಡಿ ಕೊಡಿ. ಅಂಚಿನವರೆಗೆ ಹೋಗುವ ಚಿತ್ರಕ್ಕೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಿಡಿ. ನೂರು ಪ್ರತಿಗೆ ಡಿಜಿಟಲ್ ಅಚ್ಚು ಸಾಕು. ಆಫ್‌ಸೆಟ್ ಗಿಟ್ಟುವುದು ಪ್ರತಿ ಹೆಚ್ಚಾದಾಗ.

ಮೂಲ ಡೈರಿಗಳು ಈಗ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜತೆ ಇವೆ. ಜೆಲ್ಲಿನ ಬಣ್ಣ ಬದಲಾದರೆ ಪೊಟ್ಟಣ ಬದಲಾಯಿಸಬೇಕು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನೋಡುತ್ತಿರಬೇಕು. ಸ್ಕ್ಯಾನ್ ಮತ್ತು ರೆಕಾರ್ಡಿಂಗ್ ಎರಡು ಹಾರ್ಡ್‌ಡಿಸ್ಕಿನಲ್ಲಿವೆ. ಒಂದು ಊರಿನ ಮನೆಯಲ್ಲಿ, ಇನ್ನೊಂದು ಬೆಂಗಳೂರಿನ ಅಣ್ಣನ ಹತ್ತಿರ.