ಮೊದಲು ಮಣ್ಣು, ಆಮೇಲೆ ಟ್ಯಾಂಕು: ಥಾರ್ ಮರುಭೂಮಿಯ ಟಿ-72 ಡಯೋರಾಮಾ ಮಾಡುವ ಬಗೆ

ನನ್ನ ಮೊದಲ ಡಯೋರಾಮಾ, ಅಂದರೆ ನೆಲ, ಗಿಡ, ಜನ ಎಲ್ಲಾ ಸೇರಿಸಿ ಮಾಡಿದ ಪುಟ್ಟ ಮಾದರಿ ದೃಶ್ಯ, ನೋಡಿದ ಗೆಳೆಯ ಕೇಳಿದ್ದು ಒಂದೇ ಮಾತು. "ಏನೋ ಇದು, ಟ್ಯಾಂಕು ಕೋಲಾರಕ್ಕೆ ಯಾವಾಗ ಬಂತು?" ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ರಾಜಸ್ಥಾನದ ಬಣ್ಣ ಬಳಿದ ಟ್ಯಾಂಕನ್ನು ನಮ್ಮ ಹಿತ್ತಲಿನ ಕೆಂಪು ಮಣ್ಣಿನ ಮೇಲೆ ನಿಲ್ಲಿಸಿದ್ದೆ. ಟ್ಯಾಂಕಿಗೆ ಎರಡು ತಿಂಗಳು, ನೆಲಕ್ಕೆ ಒಂದೇ ಸಂಜೆ. ಆಮೇಲೆ ಮಳೆಗಾಲ ಬಂತು, ಆ ಮಣ್ಣಿಗೆ ಬೂಷ್ಟು ಹಿಡಿಯಿತು, ಬಿಡಿ. ಅವತ್ತಿನಿಂದ ನಾನು ಉಲ್ಟಾ ಹೋಗುತ್ತೇನೆ: ಮೊದಲು ನೆಲ, ಆಮೇಲೆ ಟ್ಯಾಂಕು.

ಇಲ್ಲಿ ಹೇಳುತ್ತಿರುವುದು ಭಾರತೀಯ ಸೇನೆಯ ಟಿ-72, ಅಂದರೆ ಅಜೇಯ. ಹೊಸದಾಗಿ ಶುರು ಮಾಡುವವರಿಗೆ ಇದು ಒಳ್ಳೆಯ ಆಯ್ಕೆ, ಯಾಕೆಂದರೆ ಚೆನ್ನೈ ಹತ್ತಿರದ ಆವಡಿಯಲ್ಲಿ ಲೈಸೆನ್ಸ್ ಮೇಲೆ ತಯಾರಾದದ್ದು ಟಿ-72ಎಂ1 ಮಾದರಿ, ಮತ್ತು ಜಪಾನಿನ ಟಮಿಯಾ ಕಂಪನಿಯ 1/35 ಅಳತೆಯ ಟಿ-72ಎಂ1 ಕಿಟ್ (ಬಿಡಿ ಭಾಗ ಅಂಟಿಸಿ ಕೂಡಿಸುವ ಪ್ಲಾಸ್ಟಿಕ್ ಮಾದರಿ) ಬಹಳ ವರ್ಷಗಳಿಂದ ಸಿಗುತ್ತಿದೆ. ಹಳೇ ಕಿಟ್ಟು, ಭಾಗಗಳು ಕಡಿಮೆ, ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಟಿ-90 ಭೀಷ್ಮ ಮಾಡಬೇಕು ಅಂತ ಆಸೆಯಿದ್ದರೆ ಮಾಡಿ, ಆದರೆ ಅಂಗಡಿಯಲ್ಲಿ ಸಿಗುವ ಟಿ-90ಎ ಕಿಟ್‌ಗಳು ರಷ್ಯಾ ಸೇನೆಯವು. ಅವುಗಳ ಗೋಪುರದ (ಫಿರಂಗಿ ಹೊತ್ತು ತಿರುಗುವ ಮೇಲಿನ ಭಾಗ) ಮುಂದೆ ಎರಡು ಕೆಂಪು ಕಣ್ಣುಗಳಂತಿರುವ, ಕ್ಷಿಪಣಿಯ ದಾರಿ ತಪ್ಪಿಸುವ ಷ್ಟೋರಾ ದೀಪಗಳು ಇರುತ್ತವೆ, ನಮ್ಮ ಭೀಷ್ಮನಿಗೆ ಅವಿಲ್ಲ. ಕಿಟ್ಟಿನಲ್ಲಿದೆ ಅಂತ ಸುಮ್ನೆ ಅಂಟಿಸಿದರೆ ಗೊತ್ತಿರುವವರು ಮೊದಲು ನೋಡುವುದೇ ಅದನ್ನು.

ಈ 1/35 ಎಂಬ ವಿಚಿತ್ರ ಅಳತೆ ಎಲ್ಲಿಂದ ಬಂತು ಅಂತ ನನಗೂ ಕುತೂಹಲವಿತ್ತು. 1960ರ ದಶಕದ ಆರಂಭದಲ್ಲಿ ಟಮಿಯಾದವರು ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ಬೇಕಾದಷ್ಟು ದೊಡ್ಡದು ಮಾಡಿ ಆಮೇಲೆ ಲೆಕ್ಕ ಹಾಕಿದರೆ ಸುಮಾರು 35ರಲ್ಲಿ ಒಂದು ಭಾಗ. ಅದೇ ಉಳಿಯಿತು. ನಮ್ಮ ಟಿ-72 ಮುಂದೆ ಚಾಚಿದ ಫಿರಂಗಿ ಸೇರಿ ಸುಮಾರು 9.5 ಮೀಟರ್, ಅಂದರೆ ಮೇಜಿನ ಮೇಲೆ 27 ಸೆಂ.ಮೀ. ಮನುಷ್ಯ 5 ಸೆಂ.ಮೀ. ಆಡು 2 ಸೆಂ.ಮೀ. ಆಡು ಯಾಕೆ ಅಂದರೆ, ಹೇಳುತ್ತೇನೆ.

ಕತ್ತರಿ ಹಿಡಿಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ಟ್ಯಾಂಕು ಇಲ್ಲಿ ಯಾಕೆ ನಿಂತಿದೆ? ಬಾಂಬು, ಬೆಂಕಿ, ಉರುಳಿದ ಗೋಡೆ ಎಲ್ಲರೂ ಮಾಡುತ್ತಾರೆ. ನಾನು ಮಾಡಿದ್ದು ಹೀಗೆ. ಜೈಸಲ್ಮೇರ್ ಕಡೆ ಎಲ್ಲೋ, ಸಮರಾಭ್ಯಾಸಕ್ಕೆ ಹೋಗುವ ದಾರಿಯಲ್ಲಿ ಟ್ಯಾಂಕು ನಿಂತಿದೆ, ನಡು ಮಧ್ಯಾಹ್ನ, ಸುತ್ತಮುತ್ತ ನೆರಳಿಲ್ಲ, ಕುರಿಗಾಹಿಯ ಆಡುಗಳು ಬಂದು ಟ್ಯಾಂಕಿನ ನೆರಳಲ್ಲೇ ಮಲಗಿಬಿಟ್ಟಿವೆ, ಈಗ ಹೊರಡಬೇಕು ಅಂದರೆ ಅವು ಏಳುತ್ತಿಲ್ಲ. ಸೈನಿಕನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಅಷ್ಟೇ ಕಥೆ. ಆದರೆ ಕಥೆ ಗೊತ್ತಾದ ಕೂಡಲೇ ಯಾವ ಬದಿ ಮುಂದೆ ಇರಬೇಕು, ಬಿಸಿಲು ಎಲ್ಲಿಂದ, ಜಾಗ ಎಷ್ಟು ಬೇಕು ಎಲ್ಲಾ ತಾನಾಗಿ ನಿರ್ಧಾರವಾಗುತ್ತದೆ.

ಹಲಗೆ 30×22 ಸೆಂ.ಮೀ. ಸಾಕು. ದೊಡ್ಡ ಹಲಗೆ ತಗೊಂಡರೆ ಖಾಲಿ ಮರಳು ತುಂಬಿಸುವ ಕೆಲಸ ಜಾಸ್ತಿ. ದಪ್ಪ ಪ್ಲೈವುಡ್ ತಗೊಂಡು ಎರಡೂ ಕಡೆ ವಾರ್ನಿಷ್ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಒದ್ದೆ ಪುಟ್ಟಿ ಒಣಗುವಾಗ ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಟ್ಯಾಂಕನ್ನು ಹಲಗೆಯ ಅಂಚಿಗೆ ನೇರವಾಗಿ ನಿಲ್ಲಿಸಬೇಡಿ, ಸ್ವಲ್ಪ ಓರೆಯಾಗಿರಲಿ. ನೇರ ನಿಲ್ಲಿಸಿದರೆ ಶೋರೂಮಿನ ಕಾರಿನ ಹಾಗೆ ಕಾಣುತ್ತದೆ.

ಥಾರ್ ಅಂದರೆ ಬರೀ ಮರಳಿನ ದಿಬ್ಬ ಅಂತ ಅಂದುಕೊಳ್ಳಬೇಡಿ. ಬಹಳ ಕಡೆ ಅದು ಗಟ್ಟಿ ನೆಲ, ಮೇಲೊಂದು ಪದರ ಮರಳು, ಸಣ್ಣ ಕಲ್ಲು, ಅಲ್ಲಲ್ಲಿ ಕುರುಚಲು ಗಿಡ. ನಮಗೆ ಇದು ಅನುಕೂಲ. ಏರುತಗ್ಗಿಗೆ ಥರ್ಮಾಕೋಲ್ ಚೂರುಗಳನ್ನು ಫೆವಿಕಾಲ್ ಹಾಕಿ ಅಂಟಿಸಿ, ಚಾಕುವಿನಿಂದ ಇಳಿಜಾರು ಕೆತ್ತಿ. ದಿಬ್ಬ ಒಂದು ಕಡೆ ಉದ್ದಕ್ಕೆ, ಮೆಲ್ಲಗೆ ಏರಬೇಕು, ಇನ್ನೊಂದು ಕಡೆ ಕಡಿದಾಗಿ ಇಳಿಯಬೇಕು. ಗಾಳಿ ಬೀಸುವ ಕಡೆ ಮೆಲ್ಲಗೆ ಏರುತ್ತದೆ, ಆಚೆ ಬದಿ ಮರಳು ಜಾರಿ ಬೀಳುತ್ತದೆ, ಅದಕ್ಕೇ ಹಾಗೆ. ಇದರ ಮೇಲೆ ಗೋಡೆಗೆ ಹಚ್ಚುವ ವಾಲ್ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಗ ಗಟ್ಟಿಯಾಗುತ್ತದೆ, ಗಡಿಬಿಡಿಯಾಗುತ್ತದೆ, ನನಗೆ ಆಗಿಬರಲಿಲ್ಲ. ಒಂದು ಎಚ್ಚರಿಕೆ: ಪುಟ್ಟಿ ಮುಚ್ಚದ ಥರ್ಮಾಕೋಲ್ ಎಲ್ಲಾದರೂ ಕಾಣುತ್ತಿದ್ದರೆ ಅದರ ಮೇಲೆ ಸ್ಪ್ರೇ ಡಬ್ಬಿ ಒತ್ತಬೇಡಿ. ಕಣ್ಣೆದುರೇ ಕರಗಿ ಗುಂಡಿಯಾಗುತ್ತದೆ.

ಪುಟ್ಟಿ ಅರ್ಧ ಒಣಗಿ ಬೆರಳಿಗೆ ಅಂಟದ ಹದಕ್ಕೆ ಬಂದಾಗ ಟ್ರ್ಯಾಕಿನ, ಅಂದರೆ ಟ್ಯಾಂಕಿನ ಚಕ್ರಗಳನ್ನು ಸುತ್ತುವ ಪಟ್ಟಿಯ, ಗುರುತು ಒತ್ತಬೇಕು. ಕಿಟ್ಟಿನ ಬೆಲ್ಟ್ ಟ್ರ್ಯಾಕನ್ನು ಬಣ್ಣ ಹೊಡೆಯುವ ಮುಂಚೆಯೇ ತಗೊಂಡು, ವ್ಯಾಸಲೀನ್ ತೆಳ್ಳಗೆ ಸವರಿ, ನೆಲದ ಮೇಲೆ ಉದ್ದಕ್ಕೆ ಹಾಸಿ ಒತ್ತಿ, ಆಮೇಲೆ ಸೋಪು ನೀರಲ್ಲಿ ತೊಳೆದಿಡಿ. ಗುರುತು ಟ್ಯಾಂಕಿನ ಹಿಂದೆ ಮಾತ್ರ. ನಗಬೇಡಿ, ಮುಂದೆಯೂ ಗುರುತು ಹಾಕಿದವರನ್ನು ನೋಡಿದ್ದೇನೆ. ಟ್ಯಾಂಕು ನಿಲ್ಲುವ ಜಾಗವೂ ಸ್ವಲ್ಪ ಕುಸಿದಿರಬೇಕು. 41 ಟನ್ ದಾಟುವ ಯಂತ್ರ ಅದು, ಮೆತ್ತನೆ ಮರಳಲ್ಲಿ 10 ಸೆಂ.ಮೀ. ಹೂತುಹೋದರೆ ನಮ್ಮ ಅಳತೆಗೆ 3 ಮಿ.ಮೀ. ಅಷ್ಟು ತಗ್ಗು ಮಾಡಿ. ಇಲ್ಲದಿದ್ದರೆ ಟ್ಯಾಂಕು ನೆಲದ ಮೇಲೆ ತೇಲುತ್ತದೆ.

ಈಗ ಮಣ್ಣು. ಮರಳಿನ ದೃಶ್ಯಕ್ಕೆ ನಿಜವಾದ ಮರಳು ಹಾಕುವುದೇ ದೊಡ್ಡ ತಪ್ಪು. 0.2 ಮಿ.ಮೀ. ಇರುವ ನಯವಾದ ಮರಳಿನ ಕಣವೂ 35ರಿಂದ ಗುಣಿಸಿದರೆ 7 ಮಿ.ಮೀ. ಜಲ್ಲಿಯಾಗುತ್ತದೆ. ನಮಗೆ ಬೇಕಾದದ್ದು ಹಿಟ್ಟು. ತಿಳಿ ಬಣ್ಣದ ಮಣ್ಣು ತನ್ನಿ, ಬಾಣಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಹುರಿಯಿರಿ (ಹಳೇ ಬಾಣಲೆ, ಮನೆಯವರನ್ನು ಕೇಳಿ), ಆಗ ಬೂಷ್ಟಿನ ಕಾಟ ಬಹಳ ಕಡಿಮೆ. ಆರಿದ ಮೇಲೆ ಹಳೇ ಪಂಚೆಯ ತುಂಡಲ್ಲಿ ವಸ್ತ್ರಗಾಳಿತ ಮಾಡಿ. ಬಣ್ಣ ಕೆಂಪಗಿದ್ದರೆ ಬಿಳಿ ರಂಗೋಲಿ ಪುಡಿ, ಸೀಮೆಸುಣ್ಣದ ಪುಡಿ ಬೆರೆಸುತ್ತಾ ಹೋಗಿ, ಒಣಗಿದ ಕಡಲೆಹಿಟ್ಟಿಗಿಂತ ಸ್ವಲ್ಪ ಮಂಕಾದ ಬಣ್ಣ ಬರುವವರೆಗೆ. ಅರಿಶಿನ ಹಾಕಬೇಡಿ, ಬಿಸಿಲಿಗೆ ಬಣ್ಣ ಹೋಗುತ್ತದೆ. ಈ ಪುಡಿಯನ್ನು ಒಂದು ಡಬ್ಬಿ ಜಾಸ್ತಿಯೇ ಮಾಡಿ ಮುಚ್ಚಿಡಿ. ನೆಲಕ್ಕೆ, ಟ್ಯಾಂಕಿಗೆ, ಸೈನಿಕನ ಬೂಟಿಗೆ, ಆಡಿನ ಕಾಲಿಗೆ, ಎಲ್ಲದಕ್ಕೂ ಇದೇ ಡಬ್ಬಿಯ ಧೂಳು. ಟ್ಯಾಂಕು ಆ ನೆಲದ ಮೇಲೇ ಓಡಿ ಬಂದದ್ದು ಅಂತ ನೋಡುವವರ ಕಣ್ಣಿಗೆ ಅನಿಸುವುದು ಇದರಿಂದಲೇ, ಎಷ್ಟು ದುಬಾರಿ ಕಿಟ್ ತಂದಿರಿ ಅನ್ನುವುದರಿಂದ ಅಲ್ಲ.

ನೆಲಕ್ಕೆ ಫೆವಿಕಾಲ್‌ಗೆ ಅರ್ಧಕ್ಕರ್ಧ ನೀರು ಬೆರೆಸಿ ಹಚ್ಚಿ, ಟೀ ಜರಡಿಯಲ್ಲಿ ಪುಡಿ ಉದುರಿಸಿ. ಮಾರನೇ ದಿನ ಉಳಿದದ್ದನ್ನು ಕೊಡವಿ. ಒಂದಷ್ಟು ಕಾಳುಕಾಳು ಮಣ್ಣನ್ನು ಅಲ್ಲಲ್ಲಿ ಕಲ್ಲಿನ ಹಾಗೆ ಹಾಕಿದರೆ ಸಾಕು.

ಗಿಡಗಳ ವಿಷಯದಲ್ಲಿ ನಮಗೊಂದು ಸುಖವಿದೆ, ಥಾರ್‌ನ ಗಿಡಗಳು ನಮಗೆ ಹೊಸವಲ್ಲ. ಅಲ್ಲಿಯವರು ಖೇಜ್ಡಿ ಅನ್ನುವುದು ನಮ್ಮ ಬನ್ನಿ ಮರವೇ. ಎಕ್ಕ ಅಲ್ಲೂ ಇದೆ, ಬಳ್ಳಾರಿ ಜಾಲಿಯೂ ಇದೆ. ಒಣಗಿದ ತುಳಸಿ ಗಿಡದ ಕಡ್ಡಿ ಮರಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ, ಕೊಂಬೆಗಳು ಅಷ್ಟು ಸಣ್ಣಗೆ ಕವಲೊಡೆದಿರುತ್ತವೆ. ಎಕ್ಕದ ಎಲೆಯನ್ನು ಕಾಗದದಲ್ಲಿ ಕತ್ತರಿಸಿ, ಬೂದಿ ಬೆರೆತಂಥ ಹಸಿರು ಹಚ್ಚಿ. ಒಣಹುಲ್ಲಿಗೆ ತೆಂಗಿನ ನಾರು ಅಥವಾ ಗೋಣಿಚೀಲದ ಎಳೆ, ಒಂದೊಂದು ಕಟ್ಟು ಮಾಡಿ ನೆಲಕ್ಕೆ ಸಣ್ಣ ರಂಧ್ರ ಕೊರೆದು ನೆಡಬೇಕು. ಕಡಿಮೆ ಹಾಕಿ. ಮರುಭೂಮಿ ಅದು, ಮಲೆನಾಡಲ್ಲ.

ಟ್ಯಾಂಕಿನ ಜೋಡಣೆಗೆ ಕಿಟ್ಟಿನ ಹಾಳೆ ನೋಡಿಕೊಂಡೇ ಹೋಗಿ, ಅಲ್ಲಿ ನಾನು ಹೇಳುವಂಥದ್ದು ಕಡಿಮೆ. ಕಿಟ್ಟಿನ ಚೌಕಟ್ಟಿನಿಂದ ಭಾಗ ಕತ್ತರಿಸುವಾಗ ಮೈಗೆ ತಾಗಿಸಿ ಕತ್ತರಿಸದೆ ಸ್ವಲ್ಪ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಉಪ್ಪುಕಾಗದದಲ್ಲಿ ತೀಡಿ. ಎರಡು ಭಾಗ ಕೂಡಿಸಿ ಹಿಡಿದ ಮೇಲೆ ತೆಳು ಸಿಮೆಂಟಿನಲ್ಲಿ (ಮನೆ ಕಟ್ಟುವುದಲ್ಲ, ಪ್ಲಾಸ್ಟಿಕ್ ಮಾದರಿಯ ನೀರಿನಂಥ ಅಂಟು) ಅದ್ದಿದ ಬ್ರಷ್ಷಿನ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಅದೇ ಒಳಗೆ ಓಡುತ್ತದೆ. ಕಿಟಕಿ ತೆರೆದಿಟ್ಟುಕೊಳ್ಳಿ, ವಾಸನೆ ತಲೆಗೇರುತ್ತದೆ. ಗಾಜಿನಂಥ ಭಾಗಗಳಿಗೆ ಸೂಪರ್ ಗ್ಲೂ ಬೇಡ, ಬೆಳ್ಳಗೆ ಮಂಜು ಹಿಡಿಯುತ್ತದೆ, ಫೆವಿಕಾಲ್ ಸಾಕು. ಟಿ-72ರ ಗೋಪುರ ಎರಕ ಹೊಯ್ದದ್ದು, ಅದರ ಮೈ ಒರಟು. ಪ್ಲಾಸ್ಟಿಕ್ಕಿನ ಮೇಲೆ ಸಿಮೆಂಟು ಹಚ್ಚಿ, ಮೆತ್ತಗಾದಾಗ ಹಳೇ ಬ್ರಷ್ಷಿನಿಂದ ಕುಟ್ಟಿದರೆ ಆ ಒರಟುತನ ಬರುತ್ತದೆ. ಹಲ್ಲಿನ ಚಕ್ರ ಹಿಂದೆ, ಮುಂದಿರುವುದು ಬರೀ ತಿರುಗುವ ಚಕ್ರ, ಅದಲುಬದಲು ಮಾಡಬೇಡಿ. ಮೇಲಿನ ಟ್ರ್ಯಾಕ್ ಬಿಗಿಯಾಗಿ ತಂತಿಯ ಹಾಗೆ ನಿಂತರೆ ಆಟದ ಸಾಮಾನು ಅನಿಸುತ್ತದೆ. ಚಕ್ರಗಳ ನಡುವೆ ಸ್ವಲ್ಪ ಜೋತಾಡುವಂತೆ ಟೂತ್‌ಪಿಕ್ ಸಿಕ್ಕಿಸಿ, ಅಂಟು ಗಟ್ಟಿಯಾದ ಮೇಲೆ ತೆಗೆಯಿರಿ.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು: ಟ್ಯಾಂಕಿನ ಹೊಟ್ಟೆಯ ಮೇಲ್ಭಾಗ ಮುಚ್ಚುವ ಮುಂಚೆ ಒಳಗೆ ಒಂದು ನಟ್ಟನ್ನು ಎಂ-ಸೀಲ್ ಹಾಕಿ ಕೂರಿಸಿ, ಅದರ ನೇರಕ್ಕೆ ತಳದಲ್ಲಿ ತೂತು ಕೊರೆಯಿರಿ. ಕೊನೆಗೆ ಹಲಗೆಯ ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿದರೆ ಟ್ಯಾಂಕು ಅಲ್ಲಾಡುವುದಿಲ್ಲ. ಮುಚ್ಚಿದ ಮೇಲೆ ನೆನಪಾದರೆ ಏನೂ ಮಾಡಲಾಗುವುದಿಲ್ಲ.

ಬಣ್ಣಕ್ಕೆ ಮೊದಲು ಪ್ರೈಮರ್, ಆಮೇಲೆ ಮರಳಿನ ಬಣ್ಣ, ಅದರ ಮೇಲೆ ಹಸಿರು ಪಟ್ಟೆ. ಟಮಿಯಾದ ಡೆಸರ್ಟ್ ಯೆಲ್ಲೋ, ಅಂದರೆ ಎಕ್ಸ್‌ಎಫ್-59, ಇದಕ್ಕೆ ಸ್ವಲ್ಪ ಬಫ್ (ತಿಳಿ ಮಣ್ಣಿನ ಬಣ್ಣ) ಬೆರೆಸಿ, ಹಸಿರಿಗೂ ಒಂದೆರಡು ಹನಿ ಬಫ್ ಹಾಕಿ. ಚಿಕ್ಕ ವಸ್ತುವಿನ ಮೇಲೆ ಡಬ್ಬಿಯ ಬಣ್ಣ ಹಾಗೇ ಹಚ್ಚಿದರೆ ಜಾಸ್ತಿ ಕಪ್ಪಾಗಿ ಕಾಣುತ್ತದೆ. ಏರ್‌ಬ್ರಷ್ ಇದ್ದರೆ ಬಣ್ಣ ಹಾಲಿನಷ್ಟು ತೆಳ್ಳಗಿರಲಿ. ಇಲ್ಲದಿದ್ದರೆ ಚಪ್ಪಟೆ ಬ್ರಷ್ಷಿನಲ್ಲಿ ಮೂರು ತೆಳು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಪಟ್ಟೆಯ ಆಕಾರಕ್ಕೆ ಗಣರಾಜ್ಯೋತ್ಸವದ ಮೆರವಣಿಗೆಯ ಫೋಟೋ ನೋಡಿ, ಆದರೆ ಹೊಳಪಿಗೆ ಅದನ್ನು ನೋಡಬೇಡಿ, ಅದು ಮೆರವಣಿಗೆಗೆ ಮಿಂದು ಬಂದ ಟ್ಯಾಂಕು. ಸಾಧ್ಯವಾದರೆ ಒಮ್ಮೆ ಮಹಾರಾಷ್ಟ್ರದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಹೋಗಿ ಬನ್ನಿ, ಉಕ್ಕಿನ ಮೈ ಹತ್ತಿರದಿಂದ ಹೇಗಿರುತ್ತದೆ ಅಂತ ಫೋಟೋದಲ್ಲಿ ತಿಳಿಯುವುದಿಲ್ಲ. ನಂಬರ್ ಪ್ಲೇಟಿನಲ್ಲಿ ಮೊದಲು ಮೇಲ್ಮುಖದ ಬಾಣ, ಆಮೇಲೆ ವರ್ಷದ ಎರಡು ಅಂಕಿ. ಕಿಟ್ಟಿನಲ್ಲಿ ಇದು ಬರದಿದ್ದರೆ ಸಣ್ಣ ಬ್ರಷ್ಷಿನಲ್ಲಿ ಬರೆಯುವುದೇ.

ತುಕ್ಕಿನ ಆಸೆಗೆ ಬೀಳಬೇಡಿ. ಒಣ ಹವೆ, ಟ್ಯಾಂಕಿನ ಮೈಮೇಲೆ ಕೆಂಪು ಗೆರೆ ಇಳಿಯುವುದಿಲ್ಲ. ಓಡುವ ಟ್ರ್ಯಾಕನ್ನು ಮರಳೇ ಉಜ್ಜಿ ಬೆಳಗಿರುತ್ತದೆ, ಹಾಗಾಗಿ ನೆಲ ಮುಟ್ಟುವ ಭಾಗಕ್ಕೆ ಪೆನ್ಸಿಲ್ ಸೀಸದ ಪುಡಿ ಬೆರಳಲ್ಲಿ ತಿಕ್ಕಿ. ಹೊಗೆಯ ಮಸಿ ಎಡಗಡೆ ಮಾತ್ರ, ಟಿ-72ರ ಹೊಗೆ ಕೊಳವೆ ಇರುವುದು ಎಡಗಡೆ ಹಿಂದೆ. ಇಷ್ಟಾದ ಮೇಲೆ ಆ ಧೂಳಿನ ಡಬ್ಬಿ ತೆಗೆಯಿರಿ. ಚಕ್ರ, ಟ್ರ್ಯಾಕ್, ಕೆಳಗಿನ ಮೈಗೆ ಒಣ ಬ್ರಷ್ಷಿನಲ್ಲಿ ಧಾರಾಳವಾಗಿ, ಮೇಲಕ್ಕೆ ಹೋದಷ್ಟೂ ಕಡಿಮೆ. ಹತ್ತಿ ಇಳಿಯುವ ಕಡೆ, ಮುಚ್ಚಳದ ಸುತ್ತ, ಬೆರಳಲ್ಲಿ ಒರೆಸಿಬಿಡಿ, ಅಲ್ಲಿ ಬಟ್ಟೆ ಬೂಟು ತಾಗಿ ಧೂಳು ಕೂರುವುದಿಲ್ಲ. ಐಸೋಪ್ರೊಪೈಲ್ ಆಲ್ಕೊಹಾಲ್ ಒಂದೊಂದೇ ಹನಿ ಬಿಟ್ಟರೆ ಪುಡಿ ಹಿಡಿದುಕೊಳ್ಳುತ್ತದೆ. ಒದ್ದೆಯಾದಾಗ ಕಪ್ಪಾಗುತ್ತದೆ, ಗಾಬರಿ ಬೇಡ, ಒಣಗಲಿ.

ಸೈನಿಕರು ಮೂರೇ ಜನ. ಈ ಟ್ಯಾಂಕಿನಲ್ಲಿ ಗುಂಡು ತುಂಬುವುದು ಯಂತ್ರ, ನಾಲ್ಕನೆಯವನಿಗೆ ಕೆಲಸವೂ ಇಲ್ಲ, ಜಾಗವೂ ಇಲ್ಲ. ರಷ್ಯನ್ ಟ್ಯಾಂಕ್ ಸಿಬ್ಬಂದಿಯ ಗೊಂಬೆ ತಂದು ಡಾಂಗ್ರಿಗೆ (ಮೈಮೇಲಿನ ಇಡೀ ಸಮವಸ್ತ್ರ) ಕಪ್ಪು ಬಳಿಯಿರಿ, ಪೂರ್ತಿ ಕಪ್ಪಲ್ಲ, ಒಗೆದು ಮಾಸಿದ ಕಪ್ಪು. ಮುಖಕ್ಕೆ ಕಿಟ್ಟಿನ ಹಾಳೆ ಹೇಳುವ ಫ್ಲೆಶ್ ಬಣ್ಣ ನಮ್ಮವರಿಗಲ್ಲ, ಕಂದು ಬೆರೆಸಲೇಬೇಕು. ಆಡುಗಳನ್ನು ನಾನು ಎಂ-ಸೀಲ್‌ನಲ್ಲೇ ಮಾಡಿದೆ. ಮಲಗಿದ ಆಡಿಗೆ ಕಾಲು ಮಾಡುವ ತೊಂದರೆ ಇಲ್ಲ, ಅಲ್ವಾ? ಕುರಿಗಾಹಿಯ ಕೆಂಪು ಪೇಟ ಒಂದೇ ಇಡೀ ದೃಶ್ಯದ ಗಾಢ ಬಣ್ಣ, ಅದಕ್ಕೇ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಆಡಿಗೆ, ಆಮೇಲೆ ಟ್ಯಾಂಕಿಗೆ.

ಕೊನೆಗೆ ಬೋಲ್ಟ್ ಬಿಗಿದು, ಟ್ರ್ಯಾಕಿನ ಬುಡಕ್ಕೆ ಇನ್ನೊಂದಿಷ್ಟು ಪುಡಿ ಸುರಿದು ಸಂದಿ ಮುಚ್ಚಿ. ಹಲಗೆಯ ಅಂಚಿಗೆ ಮಾಸ್ಕಿಂಗ್ ಟೇಪು ಹಾಕಿ ಕಪ್ಪು ಬಳಿಯಿರಿ, ಟೇಪನ್ನು ಬಣ್ಣ ಪೂರ್ತಿ ಒಣಗುವ ಮುಂಚೆಯೇ ಕೀಳಿ, ಇಲ್ಲದಿದ್ದರೆ ಪುಟ್ಟಿಯೂ ಜೊತೆಗೆ ಎದ್ದು ಬರುತ್ತದೆ. ಮೇಲೆ ಅಕ್ರಿಲಿಕ್ ಡಬ್ಬ ಮುಚ್ಚಿ. ಕುಂಚದಲ್ಲಿ ಕೂರಿಸಿದ ಧೂಳಿನ ಮೇಲೆ ಮನೆಯ ಧೂಳು ಕೂತರೆ ಒರೆಸಲೂ ಆಗುವುದಿಲ್ಲ.