ಗುವಾಂಗ್‌ಝೌನಲ್ಲಿ ಸೊಂಟನೋವಿಗೆ ತುಯಿನಾ: ನನ್ನ ಅನುಭವ

ಚೀನಾದ ಗುವಾಂಗ್‌ಝೌನಲ್ಲಿ ನಡೆಯುವ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಖರೀದಿಗೆಂದು ಹೋಗುವವರಿಗೆ, ಮೇಳದ ತಾಣವಾದ ಪಾಝೌನ ಮಳಿಗೆಗಳ ನಡುವೆ ದಿನವಿಡೀ ಅಲೆದ ಮೇಲೆ ಸೊಂಟದ ಗತಿ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಚೀನಾದ ಸಾಂಪ್ರದಾಯಿಕ ಮಾಲೀಸು ಚಿಕಿತ್ಸೆಯಾದ ತುಯಿನಾದಿಂದ ಆ ನೋವನ್ನು ಹತೋಟಿಗೆ ತರಬಹುದೆಂದು ನಾನು ಹೇಳಿದಾಗ, ಅದೆಲ್ಲ ಪ್ರವಾಸಿಗರಿಗೆ ಹಾಕುವ ಟೋಪಿ ಎಂದು ಜೊತೆಗಾರರು ನಕ್ಕಿದ್ದರು. ಈಗ ಅವರೇ ವಿಚಾರಿಸುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ನೀರಿನಂತೆ ಹರಿದ ಹಣದ ಲೆಕ್ಕ. ಹೋಟೆಲೊಂದರ ಸ್ಪಾದಲ್ಲಿ ಸುಮಾರು 600 ಯುವಾನ್ ತೆತ್ತು ಪರಿಮಳದ ಎಣ್ಣೆ ಸವರಿಸಿಕೊಂಡು ಬಂದೆ. ಬೆಳಗಾಗುವಷ್ಟರಲ್ಲಿ ನೋವು ಮರಳಿತ್ತು. ಇನ್ನೊಂದು ಕಡೆ ಪಾದದ ಮಾಲೀಸಿಗೆಂದು ಕೂರಿಸಿ, ಬೇರುಗಳ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಕಾಲಿಡಿಸಿ, ಅಂಗಾಲು ನೋಡಿಯೇ ಮೂತ್ರಪಿಂಡ ದುರ್ಬಲವಾಗಿದೆಯೆಂದು ತೀರ್ಪಿತ್ತು, ಔಷಧವನ್ನೂ ಸದಸ್ಯತ್ವದ ಕಾರ್ಡನ್ನೂ ಮಾರಲು ನೋಡಿದರು. ಬೇಡವೆಂದ ಕೂಡಲೇ ಕೈಯ ಒತ್ತಡವೂ ಸಡಿಲವಾಯಿತು.

ಫಲ ಸಿಕ್ಕಿದ್ದು ತುಯಿನಾ ಮಾಡುವ ಅಂಧ ಚಿಕಿತ್ಸಕರ ಸಣ್ಣ ಅಂಗಡಿಯೊಂದರಲ್ಲಿ. ಚೀನಾದಲ್ಲಿ 1950ರ ದಶಕದಿಂದಲೂ ಅಂಧರಿಗೆ ಈ ವಿದ್ಯೆಯ ತರಬೇತಿ ಕೊಡಲಾಗುತ್ತಿದೆ. ಅಲ್ಲಿ ಗಂಟೆಗೆ ನೂರು ಯುವಾನಿನ ಆಚೀಚೆ ಆಗುತ್ತಿತ್ತು. ಎಣ್ಣೆಯಿಲ್ಲ, ಬಟ್ಟೆ ಬಿಚ್ಚುವಂತೆಯೂ ಇಲ್ಲ. ಬೆನ್ನ ಮೇಲೆ ಬಿಳಿ ಬಟ್ಟೆ ಹೊದಿಸಿ, ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳು ಊರುತ್ತ ಇಳಿದ ಹಿರಿಯ ಚಿಕಿತ್ಸಕರೊಬ್ಬರು, ನಾನು ತುಟಿ ಬಿಚ್ಚದಿದ್ದರೂ ಸೊಂಟದ ಎಡಕ್ಕೆ ಬಂದು ತಟ್ಟನೆ ನಿಂತರು. ಅನಂತರ ಅಲ್ಲಿಗೇ ಮೊಣಕೈ ಕೊಟ್ಟು ತಮ್ಮ ಮೈಭಾರವನ್ನು ನಿಧಾನವಾಗಿ ಬಿಟ್ಟರು. ತಡೆಯಲಾಗದಿದ್ದರೆ "ಛಿಂಗ್ ಇದಿಯನ್" (ಸ್ವಲ್ಪ ಮೆಲ್ಲಗೆ) ಎಂದು ಹೇಳಿದರೆ ಒತ್ತಡ ತಗ್ಗಿಸುತ್ತಾರೆ.

ನನ್ನ ಕ್ರಮವಿಷ್ಟೇ: ಒಮ್ಮೆಗೇ ಎರಡು ಗಂಟೆ ಮಲಗುವ ಬದಲು, ದಿನ ಬಿಟ್ಟು ದಿನ, ಒಬ್ಬರ ಕೈಯಲ್ಲೇ, ರಾತ್ರಿಯೂಟಕ್ಕೆ ಮುಂಚೆ ಒಂದು ಗಂಟೆ. ನಡುವಿನ ದಿನ ಮಾಡುವ ಇನ್ನೊಂದು ಕೆಲಸವಿದೆ. ಅದನ್ನೂ ಅಂಗಡಿಯ ವಿಳಾಸವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಳೆದ ಮೇಳದ ಕೊನೆಯ ದಿನವೂ ಮಾದರಿಗಳ ಚೀಲವನ್ನು ನಾನೇ ಹೊತ್ತು ನಡೆದೆ. ನಕ್ಕವರು ಟ್ಯಾಕ್ಸಿ ಹುಡುಕುತ್ತಿದ್ದರು.

ಕುತೂಹಲಕ್ಕೆ ಬಟ್ಟಲು ಚಿಕಿತ್ಸೆಯನ್ನೂ ಮಾಡಿಸಿದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಬಟ್ಟಲೊಳಗೆ ಕ್ಷಣಮಾತ್ರ ಆಡಿಸಿ ಬೆನ್ನಿಗೆ ಒತ್ತುತ್ತಾರೆ. ಒಳಗಿನ ಗಾಳಿ ತಣಿದಂತೆ ಚರ್ಮ ಬಟ್ಟಲೊಳಕ್ಕೆ ಉಬ್ಬುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಭುಜದ ಮೇಲೆ ಕಂಡಂಥ ಕಡುಗೆಂಪು ವೃತ್ತಗಳು ವಾರದವರೆಗೂ ಉಳಿದವೇ ಹೊರತು ಸೊಂಟಕ್ಕೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಎಮ್ಮೆಕೊಂಬಿನ ಬಿಲ್ಲೆಯಿಂದ ಕೆರೆಯುವ ಗುವಾಶಾದಿಂದ ಕುತ್ತಿಗೆ ಹಗುರಾಗಿದ್ದು ನಿಜ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇವೆರಡರ ತಂಟೆಗೂ ಹೋಗಬಾರದು.