ಕಲ್ಲಿನ ಮುಂದೆಯೇ ಓದು: ವೀರಗಲ್ಲುಗಳ ಊರಿನಲ್ಲಿ ನನ್ನ ಅನುಭವ

ಶಾಸನದ ಬಗ್ಗೆ ಊರಿನವರೊಂದಿಗೆ ಮಾತನಾಡಬೇಕಾದರೆ ಶಾಸನ ಇರುವಲ್ಲಿಗೇ ಹೋಗಬೇಕು. ಸಮುದಾಯ ಭವನದಲ್ಲಿ ವೇದಿಕೆ ಹಾಕಿ, ಹಾರ ತುರಾಯಿ ತರಿಸಿ, ಪರದೆಯ ಮೇಲೆ ಚಿತ್ರ ತೋರಿಸಿದರೆ ಜನ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಕಲ್ಲು ಲಂಟಾನದ ಪೊದೆಯಲ್ಲೇ ಉಳಿಯುತ್ತದೆ. ಈ ನಂಬಿಕೆಯಿಂದ ಕೆಲವು ವರ್ಷಗಳಿಂದ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ‘ಶಾಸನ ಓದು’ ನಡೆಸುತ್ತಿದ್ದೇವೆ. ನಾವು ಎಂದರೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು, ಇತಿಹಾಸ ಓದಿಕೊಂಡ ನನ್ನ ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು ಮತ್ತು ಆಯಾ ಊರಿನವರು.

ಸೊರಬ ಹಳೆಯ ಬನವಾಸಿ ನಾಡಿನ ಭಾಗ. ಇಲ್ಲಿ ಕೆರೆಯ ಏರಿ, ದೇವಸ್ಥಾನದ ಅಂಗಳ, ಗದ್ದೆಯ ಬದು ಎಲ್ಲೆಂದರಲ್ಲಿ ವೀರಗಲ್ಲುಗಳಿವೆ, ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಹಳ್ಳಿಹಳ್ಳಿಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ 8ನೆಯ ಸಂಪುಟದಲ್ಲಿ 1904ರಲ್ಲೇ ಅಚ್ಚು ಹಾಕಿಸಿದರು. ಸೊರಬ, ಸಾಗರ, ನಗರ (ಇಂದಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಂದರೆ ಎಷ್ಟೋ ಊರುಗಳ ಮಟ್ಟಿಗೆ ಓದುವ ಕೆಲಸ ನೂರು ವರ್ಷಗಳ ಹಿಂದೆಯೇ ಮುಗಿದಿದೆ. ಓದಿದ್ದು ಆ ಊರಿಗೆ ಮರಳಿ ಬಂದಿಲ್ಲ ಎನ್ನುವುದೇ ನನ್ನ ಸಂಕಟ. ಗ್ರಂಥಾಲಯದ ಕಪಾಟಿನಲ್ಲಿರುವ ಪಾಠವನ್ನು ಕಲ್ಲಿನ ಪಕ್ಕದ ಮನೆಯವರ ಬಾಯಿಗೆ ತಲುಪಿಸುವುದಷ್ಟೇ ನಾವು ಮಾಡುವ ಕೆಲಸ.

ಮೊದಲು ಒಬ್ಬರೇ ಹೋಗುತ್ತೇವೆ. ಕಲ್ಲು ಯಾರ ಜಮೀನಿನಲ್ಲಿದೆ, ಅದಕ್ಕೆ ಹಣ್ಣುಕಾಯಿ ಮಾಡುವ ಮನೆತನ ಯಾವುದು, ಯಾವ ದಿನ ಮುಟ್ಟಬಾರದು ಎಂಬುದನ್ನೆಲ್ಲ ಕೇಳುತ್ತೇವೆ. ಪಂಚಾಯಿತಿಗೆ ತಿಳಿಸುತ್ತೇವೆ. ಆದರೆ ಒಪ್ಪಿಗೆ ಬೇಕಾಗಿರುವುದು ಪೂಜೆ ಮಾಡುವವರಿಂದ. ಗದ್ದೆ ಕೊಯ್ಲು, ಒಕ್ಕಲು ಮುಗಿದ ಮೇಲೆಯೇ ದಿನ ಗೊತ್ತುಮಾಡುವುದು. ಅದಕ್ಕೆ ಮುಂಚೆ ಕರೆದರೆ ಬರುವವರು ಭಾಷಣಕಾರರು ಮಾತ್ರ.

ಕಲ್ಲು ತೊಳೆಯುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶುದ್ಧ ನೀರು, ತೆಂಗಿನ ನಾರು, ತಾಳ್ಮೆ ಈ ಮೂರೇ ಸಾಕು. ತಂತಿಯ ಬ್ರಷ್, ಆಸಿಡ್, ಸೋಪಿನ ಪುಡಿ ಯಾವುದೂ ಕಲ್ಲಿನ ಹತ್ತಿರ ಸುಳಿಯಬಾರದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ವೀರಗಲ್ಲಿಗೆ ಎಣ್ಣೆಬಣ್ಣ ಬಳಿದು, ವೀರನಿಗೆ ಕಪ್ಪು ಮೀಸೆ, ಕುದುರೆಗೆ ಬಿಳಿ ಬಣ್ಣ ಕೊಟ್ಟದ್ದನ್ನು ಹಲವು ಕಡೆ ನೋಡಿದ್ದೇನೆ. ಭಕ್ತಿಯಿಂದಲೇ ಮಾಡಿದ್ದು, ಆದರೆ ಅಕ್ಷರಗಳು ಬಣ್ಣದಡಿ ಮುಚ್ಚಿಹೋಗುತ್ತವೆ. ಅಂಥ ಕಲ್ಲನ್ನು ನಾವು ಕೆರೆಯುವುದಿಲ್ಲ, ಪುರಾತತ್ತ್ವ ಇಲಾಖೆಗೆ ಬರೆದು ಸುಮ್ಮನಾಗುತ್ತೇವೆ.

ಓದು ಶುರುವಾಗುವುದು ಇಳಿಹೊತ್ತಿನಲ್ಲಿ. ನಡುಮಧ್ಯಾಹ್ನದ ಬಿಸಿಲು ಕಲ್ಲಿನ ಮೇಲೆ ನೇರವಾಗಿ ಬಿದ್ದಾಗ ಸವೆದ ಅಕ್ಷರ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಂದರೆ ಪ್ರತಿ ಗೀರಿನೊಳಗೂ ನೆರಳು ನಿಂತು ಸಾಲುಗಳು ಎದ್ದು ಬರುತ್ತವೆ. ಕತ್ತಲಾದ ಮೇಲೆ ಇನ್ನೂ ಸುಲಭ: ಒಬ್ಬರು ಕಲ್ಲಿನ ಅಂಚಿಗೆ ಟಾರ್ಚ್ ಒತ್ತಿ ಹಿಡಿದರೆ ಹಗಲಿನಲ್ಲಿ ಬೋಳಾಗಿ ಕಂಡ ಪಟ್ಟಿಯಲ್ಲಿ ‘ಸ್ವಸ್ತಿ ಶ್ರೀ’ ಮೂಡುತ್ತದೆ. ಆ ಕ್ಷಣದಲ್ಲಿ ಮಕ್ಕಳ ಮುಖ ನೋಡುವುದಕ್ಕಾಗಿಯೇ ನಾನು ಈ ಕೆಲಸ ಬಿಡದೆ ಮಾಡುತ್ತಿದ್ದೇನೆ ಎಂದರೆ ಅತಿಶಯೋಕ್ತಿಯಲ್ಲ. ಹನ್ನೆರಡು, ಹದಿಮೂರನೆಯ ಶತಮಾನದ ಲಿಪಿ ಇಂದಿನ ಕನ್ನಡಕ್ಕೆ ತುಂಬ ದೂರದ್ದಲ್ಲ. ಏಳನೆಯ ತರಗತಿಯ ಹುಡುಗಿ ‘ನ’, ‘ಗ’ಗಳನ್ನು ತಾನೇ ಗುರುತಿಸಿ ಬೆರಳಿಟ್ಟು ತೋರಿಸುತ್ತಾಳೆ.

ಅಚ್ಚಾದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬಿಳಿಯ ಬಟ್ಟೆಯ ಮೇಲೆ ಬರೆದು ತಂದಿರುತ್ತೇವೆ. ಅಳಿಸಿದ ಕಡೆ ಚುಕ್ಕೆಗಳು. ಒಂದೊಂದು ಸಾಲನ್ನು ಊರಿನ ಒಬ್ಬೊಬ್ಬರು ಓದಬೇಕು, ನಾನು ಅರ್ಥ ಹೇಳಬೇಕು. ಚುಕ್ಕೆ ಬಂದಲ್ಲಿ “ಇಲ್ಲಿ ಅಳಿಸಿದೆ” ಎಂದು ಗಟ್ಟಿಯಾಗಿಯೇ ಹೇಳುತ್ತೇವೆ. ಖಾಲಿ ಜಾಗವನ್ನು ಊಹೆಯಿಂದ ತುಂಬಿದರೆ ಮರುದಿನ ಅದು ಊರಿನ ಇತಿಹಾಸವಾಗಿಬಿಡುತ್ತದೆ.

ಬಳಿಕ ಚಿತ್ರದ ಸರದಿ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರ. ತುರುಗೋಳಿನ, ಅಂದರೆ ದನ ಹಿಡಿದೊಯ್ದ ಕಾಳಗದ, ಕಲ್ಲಾದರೆ ಕಾಳಗದ ಪಕ್ಕದಲ್ಲಿ ದನಗಳೂ ಇರುತ್ತವೆ. ಒಂದೂರಿನಲ್ಲಿ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಹೆಂಗಸೊಬ್ಬರು ಹಂತಗಳ ನಡುವಿನ ಬಳ್ಳಿಯ ಪಟ್ಟಿಯನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ನಿಂತಿದ್ದರು. ಎಲೆ ಎಡಕ್ಕೊಂದು ಬಲಕ್ಕೊಂದು ತಿರುಗುತ್ತ ಹೋಗಿ, ಕೊನೆಯಲ್ಲಿ ಜಾಗ ಸಾಲದೆ ಒಂದು ಎಲೆ ಮುದುಡಿತ್ತು. “ಅಳತೆ ತಪ್ಪಿದ್ದಾನೆ, ಆದರೂ ಮುಗಿಸಿದ್ದಾನೆ” ಎಂದರು. ಇಷ್ಟು ವರ್ಷ ಶಾಸನ ನೋಡಿಯೂ ನನ್ನ ಕಣ್ಣಿಗೆ ಆ ಎಲೆ ಬಿದ್ದಿರಲಿಲ್ಲ.

ಅದೇ ಊರಿನಲ್ಲಿ ಹಸು ಕರು ಹಾಕಿದಾಗ ಗಿಣ್ಣದ ಹಾಲನ್ನು ಮೊದಲು ಈ ಕಲ್ಲಿಗೆ ಎರೆಯುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ ಅಜ್ಜಿಯೊಬ್ಬರು, “ನಮ್ಮತ್ತೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ” ಎಂದರು. ಕಲ್ಲಿನ ಬರಹ ಹೇಳುವುದೂ ದನದ ಕತೆಯನ್ನೇ: ಹಗೆಗಳು ಊರಿನ ತುರುಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನಗಳನ್ನು ಮರಳಿಸಿ, ತಾನು ಸತ್ತವನ ಕತೆ. ನಾನು ಸಾಲನ್ನು ಬಿಡಿಸಿ ಹೇಳಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಗಾದರೆ ಅವನಿಗೆ ಸಲ್ಲಬೇಕಾದ್ದೇ ಸಲ್ಲುತ್ತಿದೆ ಬಿಡಿ ಮೇಷ್ಟ್ರೇ” ಎಂದರು. ಬರಹಕ್ಕೂ ಆಚರಣೆಗೂ ಇರುವ ನಂಟನ್ನು ಸಾಧಿಸಿ ತೋರಿಸಲು ನನ್ನಲ್ಲಿ ಪುರಾವೆಯಿಲ್ಲ. ಆದರೆ ಅಜ್ಜಿಯ ಮಾತನ್ನು ಆ ದಿನದ ಪುಸ್ತಕದಲ್ಲಿ ಶಾಸನದ ಪಾಠದ ಪಕ್ಕದಲ್ಲೇ ಬರೆದಿಟ್ಟಿದ್ದೇವೆ.

ಇನ್ನು ನಿಧಿ. ಶಾಸನ ಎಂದರೆ ನಿಧಿಯ ಗುಟ್ಟು ಎಂಬ ನಂಬಿಕೆ ಎಷ್ಟು ವೀರಗಲ್ಲುಗಳ ಬುಡ ಅಗೆಸಿದೆಯೋ ಲೆಕ್ಕವಿಲ್ಲ. ಇದಕ್ಕೆ ಪೊಲೀಸರ ಭಯಕ್ಕಿಂತ ಬಹಿರಂಗದ ಓದು ಒಳ್ಳೆಯ ಮದ್ದು. ಓದು ಮುಗಿದ ಮೇಲೆ ಯಾರಾದರೂ ಹಿರಿಯರು ಮೆಲ್ಲಗೆ “ಕೆಳಗೆ ಏನೂ ಇಲ್ಲವೇ?” ಎಂದು ಕೇಳಿಯೇ ಕೇಳುತ್ತಾರೆ. “ಇಲ್ಲ ಗೌಡರೇ, ಬರೆದಿರುವುದು ಇಷ್ಟೇ, ನೀವೇ ಓದಿದಿರಲ್ಲ” ಎನ್ನುತ್ತೇನೆ. ತಾವೇ ಬಾಯಿಬಿಟ್ಟು ಓದಿದ್ದನ್ನು ಜನ ನಂಬುತ್ತಾರೆ. ಕೆಲವು ಕಲ್ಲುಗಳಲ್ಲಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟ ವಿವರ ಇರುತ್ತದೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನಿಧಿಯ ಮಾತು ಬಂದಾಗ ನಾನು ಅದನ್ನೂ ಹೇಳುತ್ತೇನೆ: ಊರು ತನಗಾಗಿ ಸತ್ತವನ ಹೆಂಡತಿ ಮಕ್ಕಳನ್ನು ಕೈಬಿಡಲಿಲ್ಲ.

ಕಷ್ಟದ ಗಳಿಗೆಯೆಂದರೆ ಜಾತಿಯ ಪ್ರಶ್ನೆ. ‘ಗಾವುಂಡ’, ಅಂದರೆ ಊರಿನ ಮುಖ್ಯಸ್ಥ, ಎಂಬ ಪದ ಓದಿದ ಕೂಡಲೇ ಎರಡು ಮನೆತನಗಳು ಆ ವೀರ ನಮ್ಮವನು ಎಂದು ನಿಲ್ಲುತ್ತವೆ. ಆಗ ನಾನು ಬಟ್ಟೆಯ ಮೇಲಿನ ಪಾಠವನ್ನು ಮತ್ತೊಮ್ಮೆ ಓದಿಸಿ, ಕಲ್ಲು ಹೇಳುವುದು ಇಲ್ಲಿಯವರೆಗೆ ಮಾತ್ರ ಎಂದು ನಿಲ್ಲಿಸುತ್ತೇನೆ. ಒಂದು ಸಂಘಟನೆಯವರು ಬಂದು ದೊಡ್ಡ ಸಮಾವೇಶ ಮಾಡೋಣ, ಕಲ್ಲನ್ನು ವೃತ್ತಕ್ಕೆ ಸಾಗಿಸೋಣ ಎಂದಾಗಲೂ ಒಪ್ಪಲಿಲ್ಲ. ಗಿಣ್ಣದ ಹಾಲು ಎರೆಯುವವರ ಕೈಗೆ ಎಟುಕದಂತೆ ಕಬ್ಬಿಣದ ಬೇಲಿಯೊಳಗೆ ನಿಲ್ಲಿಸಿದ ಕಲ್ಲಿನಿಂದ ಯಾರಿಗೇನು?

ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಾಗ ನಾಗರಿಕರೇ ಮುಂದಾಗಿ ಅದಕ್ಕೊಂದು ನೆಲೆ ಮಾಡಿಕೊಟ್ಟರು. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಆ ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ನಮ್ಮ ಬಳಿ ಅಂಥ ಯಂತ್ರವಿಲ್ಲ. ಹುಡುಗರು ಮೊಬೈಲಿನಲ್ಲಿ ಓರೆ ಬೆಳಕಿನಲ್ಲಿ ಹಲವು ಕೋನಗಳಿಂದ ಚಿತ್ರ ತೆಗೆದು, ಜಾಗದ ಗುರುತಿನೊಂದಿಗೆ ಪಂಚಾಯಿತಿಯಲ್ಲೂ ಶಾಲೆಯಲ್ಲೂ ಒಂದೊಂದು ಪ್ರತಿ ಇಡುತ್ತಾರೆ. ಇದು ಕೆಲಸಕ್ಕೆ ಬರುತ್ತದೆ: ರಸ್ತೆ ಅಗಲಿಸಲು ಜೆಸಿಬಿ ಬಂದ ಒಂದೂರಿನಲ್ಲಿ ಆ ಪಟ್ಟಿ ಹಿಡಿದು ನಿಂತವರು ಹತ್ತನೆಯ ತರಗತಿಯ ಮಕ್ಕಳು. ಕಲ್ಲನ್ನು ಬಿಟ್ಟು ಚರಂಡಿ ಬಳಸಿ ಹೋಯಿತು.

ಈ ಸಲದ ಓದು ಒಂದು ಕೆರೆಯ ಏರಿಯ ಮೇಲೆ. ಅಲ್ಲಿರುವುದು ಮಾಸ್ತಿಕಲ್ಲುಗಳು, ಸತಿಯಾದ ಹೆಂಗಸರ ನೆನಪಿನ ಕಲ್ಲುಗಳು: ಮಡಿಸಿ ಎತ್ತಿದ ತೋಳು, ಕೈತುಂಬ ಬಳೆ. ಬರಹ ಒಂದಕ್ಷರವೂ ಇಲ್ಲ. ಅಲ್ಲಿ ಪಾಠದ ಬಟ್ಟೆ ಬೇಡವೆಂದು ನಿಶ್ಚಯಿಸಿದ್ದೇವೆ. ಆ ಕಲ್ಲುಗಳಿಗೆ ಬಳೆ, ಅರಿಸಿನ ಕುಂಕುಮ ಏರಿಸುವ ಹೆಂಗಸರು ಮೊದಲು ಮಾತನಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.